ಶಕ್ತಿತಸ್ತಪ ಮತ್ತು ಮಧುಮೇಹಿ ಬಾಲಕ

ದಶಲಕ್ಷಣ ಪರ್ವದಲ್ಲಿ ಮನೆಯವರೆಲ್ಲ ಉಪವಾಸವಿರುವಾಗ ಇನ್ಸುಲಿನ್ ಅವಲಂಬಿತ ಮಧುಮೇಹವುಳ್ಳ ಬಾಲಕನು ಉಂಡರೆ ಅದು ಧರ್ಮಲೋಪವೇ? ಈ ರೋಗದಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಇನ್ಸುಲಿನ್ ಸ್ರವಿಸುವ ಜೀವಕೋಶಗಳನ್ನು ನಾಶಗೊಳಿಸುತ್ತದೆ. ಇದು ಆಹಾರದ ಅಸಂಯಮದಿಂದ ಬಂದುದಲ್ಲ. ನಿರಾಹಾರದಲ್ಲಿಯೂ ಅವನಿಗೆ ಇನ್ಸುಲಿನ್ ಬೇಕು. ನಿಲ್ಲಿಸಿದರೆ ರಕ್ತವು ಆಮ್ಲಮಯವಾಗಿ ಪ್ರಾಣಾಪಾಯವೊದಗುತ್ತದೆ. ರಕ್ತದ ಸಕ್ಕರೆ ತೀರ ಇಳಿದರೆ, ಸೂರ್ಯಾಸ್ತವಾಗಿದ್ದರೂ, ಎಚ್ಚರವಿರುವಾಗಲೇ ಸಕ್ಕರೆ ತಿನ್ನಿಸಬೇಕು. ಹಿಂದೆ ದನ, ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದ ಈ ಔಷಧವು 1982ರಿಂದೀಚೆಗೆ ಸೂಕ್ಷ್ಮಾಣುಗಳ ಮೂಲಕವೂ ತಯಾರಾಗುತ್ತಿರುವುದರಿಂದ ಪಂಚೇಂದ್ರಿಯ ವಧೆಯ ಅಳುಕು ಬಹುಮಟ್ಟಿಗೆ ಕಳೆದಿದೆ.

ಷೋಡಶ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದು: ಶಕ್ತಿಯನ್ನರಿತು ಆಚರಿಸಿದ್ದೇ ತಪಸ್ಸು. ಇನ್ಸುಲಿನ್ ಬಿಡುವುದು ತ್ಯಾಗವಲ್ಲ, ಸ್ವಹಿಂಸೆ. ಸ್ವಾಧ್ಯಾಯವೂ ಅಂತರಂಗ ತಪಸ್ಸೇ. ಬಾಲಕನಿಗೆ ಆ ನಿಯಮವನ್ನು ಕೊಟ್ಟು, ಅವನು ಸಂಕೋಚಪಡದಂತೆ ಹೊತ್ತಿಗೆ ಸರಿಯಾಗಿ ಉಣಬಡಿಸುವುದು ಶ್ರಾವಕಧರ್ಮ.