ಧೈರ್ಯಕ್ಕೂ ತರಬೇತಿ ಬೇಕೆ?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಸೋಮಾರಿಗಳನ್ನು ಹಂಗಿಸಲು ಬಳಸುತ್ತೇವೆ. ಆದರೆ ಗಾದೆಯ ಆ ಮನುಷ್ಯ ಸೋಮಾರಿಯಂತೆ ಕಾಣುವುದಿಲ್ಲ. ಬೆಂಕಿ ಬಿದ್ದ ಗಳಿಗೆಯಲ್ಲಿ ಅವನು ಹಾರೆ ಹಿಡಿದು ಬೆವರು ಸುರಿಸುತ್ತಾನೆ. ಅವನ ಶ್ರಮ ನಿಜ, ಮನೆಯವರ ಮೇಲಿನ ಅಕ್ಕರೆಯೂ ನಿಜ. ಕೊರತೆ ಒಂದೇ: ಆ ಅಕ್ಕರೆ ಬೆಂಕಿಗಿಂತ ಮೊದಲು ಎಚ್ಚರಗೊಂಡಿರಲಿಲ್ಲ. ಇಲ್ಲಿಂದಲೇ ಒಂದು ನೈತಿಕ ಪ್ರಶ್ನೆ ಹುಟ್ಟುತ್ತದೆ. ಸಿದ್ಧತೆಯಿಲ್ಲದ ಪ್ರೀತಿ ಪೂರ್ಣ ಪ್ರೀತಿಯೇ? ತರಬೇತಿಯಿಲ್ಲದೆ ಅಪಾಯಕ್ಕೆ ಧುಮುಕುವ ಧೈರ್ಯವನ್ನು ಸದ್ಗುಣವೆಂದು ಕರೆಯಬಹುದೇ?

ಬೆಂಗಳೂರಿನ ಹೊರವಲಯದಲ್ಲಿ ದುಡಿಯುವವರಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಪೀಣ್ಯದ ಕಿರಿದಾದ ರಸ್ತೆಗಳಲ್ಲಿ ಲೇತ್ ಯಂತ್ರಗಳ ಶೆಡ್ಡು, ಲೋಹಲೇಪನದ ಘಟಕ, ಬಣ್ಣದ ಡ್ರಮ್ಮುಗಳ ಗೋದಾಮು, ನೂರಾರು ಹೆಣ್ಣುಮಕ್ಕಳು ಹೊಲಿಯುವ ಗಾರ್ಮೆಂಟ್ಸ್ ಕಾರ್ಖಾನೆ ಒಂದಕ್ಕೊಂದು ಗೋಡೆ ತಾಗಿ ನಿಂತಿವೆ. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಗಾಜು ಹೊದಿಸಿದ ಬಹುಮಹಡಿ ಕಟ್ಟಡಗಳಿವೆ. ಅವುಗಳ ಕಿಟಕಿಗಳು ತೆರೆಯುವುದಿಲ್ಲ; ಒಳಗಿನ ಗಾಳಿ ಯಂತ್ರದಿಂದ ಬರುತ್ತದೆ; ವಿದ್ಯುತ್ ತಂತಿಗಳು ನೆಲಮಹಡಿಯಿಂದ ತುದಿಯವರೆಗೆ ಒಂದೇ ಕೊಳವೆದಾರಿಯಲ್ಲಿ ಏರುತ್ತವೆ. ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳ ಅನ್ನ ಇಲ್ಲಿಂದಲೇ ಬರುತ್ತದೆ.

ಇಂಥ ಕಟ್ಟಡದಲ್ಲಿ ಏನು ನಡೆಯಬಹುದೆಂಬುದನ್ನು ನಗರ ಒಮ್ಮೆ ಕಂಡಿದೆ. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಹೊತ್ತಿದ ಬೆಂಕಿ ಒಂಬತ್ತು ಜನರ ಪ್ರಾಣ ತೆಗೆದುಕೊಂಡಿತು. ಅಲ್ಲಿ ಜ್ವಾಲೆಗಿಂತ ಹೊಗೆಯೇ ದೊಡ್ಡ ಶತ್ರುವಾಯಿತು. ವಿದ್ಯುತ್ ಕೊಳವೆದಾರಿಯಲ್ಲಿ ಏರಿದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು; ಉಸಿರುಗಟ್ಟಿದವರಲ್ಲಿ ಕೆಲವರು ಗಾಜು ಒಡೆದು ಕೆಳಗೆ ಹಾರಿದರು. ಆ ದುಃಖದಿಂದಲೇ ಹುಟ್ಟಿದ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಅಗ್ನಿ ಸುರಕ್ಷತೆಯ ಅರಿವು ಮೂಡಿಸುವ ಕೆಲಸಕ್ಕೆ ಇಳಿಯಿತು. 2023ರ ಅಕ್ಟೋಬರ್ 7ರಂದು ಎಲೆಕ್ಟ್ರಾನಿಕ್ ಸಿಟಿಯಿಂದ ಮುಂದೆ, ಹೊಸೂರು ರಸ್ತೆಯ ಅತ್ತಿಬೆಲೆಯ ಪಟಾಕಿ ದಾಸ್ತಾನಿನಲ್ಲಿ ಬೆಂಕಿ ಬಿದ್ದಾಗ ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ದೀಪಾವಳಿಯ ಹಂಗಾಮಿಗೆ ನಾಲ್ಕು ಕಾಸು ದುಡಿಯಲು ನೆರೆಯ ತಮಿಳುನಾಡಿನಿಂದ ಬಂದ ಯುವಕರು.

ಅಗ್ನಿಶಾಮಕರ ತರಬೇತಿಯೆಂದರೆ ನೀರು ಹಾಯಿಸಲು ಕಲಿಸುವುದು ಎಂದು ನಾವು ತಿಳಿದಿರುತ್ತೇವೆ. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನಲ್ಲಿ, ನಮ್ಮ ಬೆಂಗಳೂರಿನ ಆರ್.ಎ. ಮುಂಡ್ಕೂರ್ ಅಗ್ನಿಶಾಮಕ ಅಕಾಡೆಮಿಯಲ್ಲಿ ಅಥವಾ ಜಗತ್ತಿನ ಬೇರೆಲ್ಲಾದರೂ ಆಗಲಿ, ಈ ವೃತ್ತಿಶಿಕ್ಷಣಕ್ಕೆ ಮೂರು ಅಂಗಗಳಿವೆ. ಮೊದಲನೆಯದು ವ್ಯೂಹ: ಇಲ್ಲಿ ಒಳಗೆ ಹೋಗಿ ಹೋರಾಡಬೇಕೇ, ಹೊರಗೆ ನಿಂತು ಬೆಂಕಿ ಹರಡದಂತೆ ತಡೆಯಬೇಕೇ ಎಂಬ ನಿರ್ಧಾರ. ಎರಡನೆಯದು ತಂತ್ರ: ಆ ನಿರ್ಧಾರವನ್ನು ಯಾವ ಬಾಗಿಲಿನಿಂದ, ಎಷ್ಟು ಜನರಿಂದ, ಯಾವ ಕ್ರಮದಲ್ಲಿ ನಡೆಸಬೇಕೆಂಬ ವಿಧಾನ. ಮೂರನೆಯದು ಸುರಕ್ಷತೆ: ಒಳಗೆ ಹೋದವನು ಹೊರಗೆ ಬರುವ ದಾರಿ.

ಈ ಮೂರರ ಹಿಂದೆಯೂ ವಿನಯದ ಪಾಠವಿದೆ. ಬೆಂಕಿಗೆ ತನ್ನದೇ ನಿಯಮಗಳಿವೆ. ನಮ್ಮ ಸದುದ್ದೇಶವನ್ನು ಅದು ಕೇಳುವುದಿಲ್ಲ. ಉರಿಯುವ ಎಣ್ಣೆಗೆ ನೀರು ಸುರಿದರೆ ಉರಿ ಹರಡುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್ ಜಾಗ ಬೇಡುತ್ತದೆ. ಮುಚ್ಚಿದ ಕೋಣೆಯಲ್ಲಿ ತಪ್ಪಾಗಿ ಹಾಯಿಸಿದ ನೀರು ಒಳಗಿರುವವನನ್ನೇ ಬೇಯಿಸಬಲ್ಲದು. ಗಾಳಿ ಸಿಗಲೆಂದು ಆತುರದಿಂದ ತೆರೆದ ಬಾಗಿಲು ಬೆಂಕಿಗೇ ಉಸಿರು ಕೊಡಬಹುದು. ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರ್ ಅರ್ಧ ನಿಮಿಷದಲ್ಲಿ ಬರಿದಾಗುತ್ತದೆ. ಆದ್ದರಿಂದ ಅದನ್ನು ಹಿಡಿದವನು ಹೊರಬಾಗಿಲಿಗೆ ಬೆನ್ನು ಮಾಡಿ ನಿಲ್ಲಬೇಕು, ಬೆಂಕಿ ಆರದಿದ್ದರೆ ಹಿಂದೆ ಸರಿಯಬೇಕು. ಅಗ್ನಿಶಾಮಕನ ಬೆನ್ನಿಗಿರುವ ಅರ್ಧ ಗಂಟೆಯ ಗಾಳಿ, ಭಾರ ಹೊತ್ತು ಮೆಟ್ಟಿಲೇರುವಾಗ ಅರ್ಧ ಗಂಟೆ ಬರುವುದಿಲ್ಲ. ಒಬ್ಬನೇ ಒಳಗೆ ಹೋಗಬಾರದು. ಹೋದವರ ಹೆಸರು ಮತ್ತು ಹೊತ್ತು ಬಾಗಿಲಲ್ಲಿ ದಾಖಲಾಗಬೇಕು. ಗಾಳಿ ಇರುವಾಗಲೇ ಹಿಂದಿರುಗಬೇಕು. ಇವೆಲ್ಲ ಕಲಿಯದೆ ಬರುವುದಿಲ್ಲ, ಒಮ್ಮೆ ಕಲಿತರೂ ಅಭ್ಯಾಸವಿಲ್ಲದೆ ಉಳಿಯುವುದಿಲ್ಲ.

ಈ ಶಿಕ್ಷಣದ ತಿರುಳಿನಲ್ಲಿ ಒಂದು ಕಠಿಣ ಸೂತ್ರವಿದೆ. ಉಳಿಸಬಹುದಾದ ಜೀವಕ್ಕಾಗಿ ದೊಡ್ಡ ಅಪಾಯವನ್ನೂ ಲೆಕ್ಕಹಾಕಿ ತೆಗೆದುಕೊಳ್ಳಬಹುದು. ಆಸ್ತಿಗಾಗಿ ಅಲ್ಪ ಅಪಾಯವನ್ನು ಮಾತ್ರ ತೆಗೆದುಕೊಳ್ಳಬಹುದು. ಆಗಲೇ ಕಳೆದುಹೋದ ಜೀವ ಅಥವಾ ಆಸ್ತಿಗಾಗಿ ಯಾವ ಅಪಾಯವನ್ನೂ ತೆಗೆದುಕೊಳ್ಳಬಾರದು.

ವಿಶ್ವಾಸಿಗೆ ಇಲ್ಲಿ ತಡವರಿಕೆ ಉಂಟಾಗುವುದು ಸಹಜ. ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ಮಿಗಿಲಾದ ಪ್ರೀತಿಯಿಲ್ಲವೆಂದು ನಮ್ಮ ಪ್ರಭು ಕಲಿಸಲಿಲ್ಲವೇ? ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಅರಸುತ್ತಾ ಹೋದ ಕುರುಬ ಲೆಕ್ಕ ಹಾಕಿದನೇ? ಜೀವಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ಈ ಸೂತ್ರ ಶುಭಸಂದೇಶಕ್ಕೆ ಹೊರತಾಗಿ ತೋರುತ್ತದೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದಕ್ಕೆ ಉತ್ತರ ಹುಡುಕಲು, ಅಗ್ನಿಶಾಮಕರು ತಮ್ಮ ಪಾಠಗಳಲ್ಲಿ ಇಂದಿಗೂ ನೆನೆಯುವ ಒಂದು ರಾತ್ರಿಯನ್ನು ನೋಡಬೇಕು.

1999ರ ಡಿಸೆಂಬರ್ 3ರಂದು ಅಮೆರಿಕದ ವೂಸ್ಟರ್ ನಗರದಲ್ಲಿ ಪಾಳುಬಿದ್ದ ಶೀತಲ ಗೋದಾಮೊಂದು ಹೊತ್ತಿಕೊಂಡಿತು. ಒಳಗೆ ಮನೆಯಿಲ್ಲದ ಬಡವರು ವಾಸಿಸುತ್ತಾರೆಂಬ ಸುದ್ದಿಯಿತ್ತು. ಅವರನ್ನು ಹುಡುಕಲು ಇಬ್ಬರು ಅಗ್ನಿಶಾಮಕರು ಒಳಹೊಕ್ಕು ದಟ್ಟ ಹೊಗೆಯಲ್ಲಿ ದಾರಿ ತಪ್ಪಿದರು. ಗಾಳಿ ಮುಗಿಯುತ್ತಿದೆಯೆಂದು ರೇಡಿಯೋದಲ್ಲಿ ಕೂಗಿದರು. ಅವರನ್ನು ಅರಸಲು ಹೋದವರಲ್ಲಿ ಇನ್ನೂ ನಾಲ್ವರು ಮರಳಲಿಲ್ಲ. ಇನ್ನಷ್ಟು ಗೆಳೆಯರು ಮೆಟ್ಟಿಲೇರಲು ನುಗ್ಗುತ್ತಿದ್ದಾಗ ಅಧಿಕಾರಿ ಮೈಕಲ್ ಮ್ಯಾಕ್‌ನಮೀ ದಾರಿಗೆ ಅಡ್ಡ ನಿಂತು, ಇನ್ನು ಯಾರೂ ಹೋಗುವಂತಿಲ್ಲವೆಂದು ತಡೆದರು. ಮೇಲೆ ಇದ್ದವರು ಅವರದೇ ಜನ. ತಡೆಯಲ್ಪಟ್ಟವರು ಸತ್ತವರ ಒಡನಾಡಿಗಳು. ಬೆಂಕಿಗೆ ಕಾರಣರಾದ ಮನೆಯಿಲ್ಲದವರು ಆಗಲೇ ಹೊರಗೆ ಹೋಗಿದ್ದರೆಂಬುದು ಆಮೇಲೆ ತಿಳಿಯಿತು.

ಆ ಆರು ಮಂದಿಯ ತ್ಯಾಗ ಪವಿತ್ರವಾದುದು. ಯಾರೂ ಲೆಕ್ಕಕ್ಕಿಡದ ಬಡವರಿಗಾಗಿ ಅವರು ಒಳಗೆ ಹೋದರು. ಹಾಗಾದರೆ ಬಾಗಿಲಲ್ಲಿ ನಿಂತವನಲ್ಲಿ ಪ್ರೀತಿಯಿರಲಿಲ್ಲವೇ? ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಸ್ಥೈರ್ಯವೆಂಬ ಸದ್ಗುಣವನ್ನು ಕುರಿತು ಬರೆದ ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ಸ್ಥೈರ್ಯವು ಭಯವನ್ನು ಹತೋಟಿಯಲ್ಲಿಡುವಂತೆಯೇ ದುಸ್ಸಾಹಸವನ್ನೂ ಹತೋಟಿಯಲ್ಲಿಡುತ್ತದೆ. ಅದರ ಮುಖ್ಯ ಕ್ರಿಯೆ ಮುನ್ನುಗ್ಗುವುದಕ್ಕಿಂತ ಹೆಚ್ಚಾಗಿ ತಾಳಿ ನಿಲ್ಲುವುದು. ಮುನ್ನುಗ್ಗುವವನಿಗೆ ಆವೇಶದ ಆಸರೆಯಿರುತ್ತದೆ. ಬಾಗಿಲಲ್ಲಿ ನಿಂತವನಿಗೆ ಅದೂ ಇಲ್ಲ. ಜೀವಮಾನವಿಡೀ ಹೊರಬೇಕಾದ ಭಾರ ಮಾತ್ರ ಇದೆ.

ಕುರುಬನ ಸಾಮತಿಯನ್ನೂ ಈ ಬೆಳಕಿನಲ್ಲಿ ಮತ್ತೆ ಓದಬಹುದು. ಅವನು ತಾನೇ ಹೋಗುತ್ತಾನೆ. ತನ್ನ ಕೂಲಿಯಾಳನ್ನು ಕಳಿಸುವುದಿಲ್ಲ. ತನ್ನ ಪ್ರಾಣವನ್ನು ಕೊಡುವ ಅಧಿಕಾರ ಒಬ್ಬನಿಗೆ ಇರಬಹುದು. ಇನ್ನೊಬ್ಬನ ಪ್ರಾಣವನ್ನು ಆವೇಶದಲ್ಲಿ ಖರ್ಚು ಮಾಡುವ ಅಧಿಕಾರ ಯಾರಿಗೂ ಇಲ್ಲ. ತರಬೇತಿಯಿಲ್ಲದೆ ಹೊಗೆಯೊಳಗೆ ನುಗ್ಗುವವನು ತನ್ನ ಪ್ರಾಣವನ್ನಷ್ಟೇ ಪಣಕ್ಕೆ ಇಡುತ್ತಿಲ್ಲ. ತನ್ನನ್ನು ಹುಡುಕಿಕೊಂಡು ಬರುವವರ ಪ್ರಾಣವನ್ನೂ ಇಡುತ್ತಾನೆ. ದೇವಾಲಯದ ಶಿಖರದಿಂದ ಧುಮುಕು, ದೂತರು ಎತ್ತಿಹಿಡಿಯುತ್ತಾರೆ ಎಂದು ಸೈತಾನನು ಪ್ರೇರೇಪಿಸಿದಾಗ ಯೇಸು ಒಪ್ಪಲಿಲ್ಲ. ಅದೇ ಯೇಸು ಕಾಲ ಬಂದಾಗ ಶಿಲುಬೆಯಿಂದ ಹಿಂಜರಿಯಲಿಲ್ಲ. ದೇವರನ್ನು ಪರೀಕ್ಷಿಸುವ ಜಿಗಿತಕ್ಕೂ ತಿಳಿದು ಕೊಡುವ ಬಲಿಗೂ ಇರುವ ಅಂತರ ಇದು.

ವಿವೇಕ ಒಬ್ಬನಲ್ಲಿದ್ದರೆ ಸಾಲದು, ವ್ಯವಸ್ಥೆಯಲ್ಲೂ ಇರಬೇಕೆಂಬುದಕ್ಕೆ ನಮ್ಮ ದೇಶದ್ದೇ ಸಾಕ್ಷಿಯಿದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೈನ್ ಎಂಬ ಹಡಗಿಗೆ ಬೆಂಕಿ ಹತ್ತಿತು. ಹತ್ತಿಯ ಮೂಟೆಗಳ ಜೊತೆಗೆ ಸಾವಿರ ಟನ್ನಿಗೂ ಮಿಕ್ಕ ಸ್ಫೋಟಕಗಳು ಅದರಲ್ಲಿದ್ದವು. ಹಡಗನ್ನು ಮುಳುಗಿಸಬೇಕೇ, ಬಂದರಿನಿಂದ ಹೊರಗೆ ಎಳೆಯಬೇಕೇ, ಅಲ್ಲೇ ಆರಿಸಬೇಕೇ ಎಂದು ನಿರ್ಧರಿಸುವ ಒಂದೇ ಅಧಿಕಾರ ಯಾರ ಕೈಯಲ್ಲೂ ಇರಲಿಲ್ಲ. ಸಂಜೆ ನಾಲ್ಕು ಗಂಟೆ ದಾಟಿದೊಡನೆ ಹಡಗು ಸಿಡಿಯಿತು. ನೀರು ಹಾಯಿಸುತ್ತಲೇ ಇದ್ದ 66 ಅಗ್ನಿಶಾಮಕರು ಮಡಿದರು. ಅವರ ನೆನಪಿಗಾಗಿಯೇ ಪ್ರತಿವರ್ಷ ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನವಾಗಿದೆ. ಆ 66 ಮಂದಿಯ ಶೌರ್ಯವನ್ನು ಹೊಗಳುವುದು ಸುಲಭ. ಅವರಿಗೆ ಸಲ್ಲಬೇಕಾಗಿದ್ದ ನಿರ್ಧಾರ ಸಲ್ಲಲಿಲ್ಲವೆಂಬುದನ್ನು ನೆನೆಯುವುದು ಕಷ್ಟ. ಹಲವು ಸಲ ನಾವು ವೀರರನ್ನು ಕೊಂಡಾಡುವುದು, ಅವರನ್ನು ವೀರರಾಗುವಂತೆ ಒತ್ತಾಯಿಸಿದ ನಮ್ಮ ನಿರ್ಲಕ್ಷ್ಯವನ್ನು ಮರೆಯಲಿಕ್ಕಾಗಿ.

ಈಗ ನಮ್ಮ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಗೆ ಮರಳೋಣ. ಬೆಂಕಿ ಹತ್ತಿದಾಗ ಮೊದಲ ಐದು ನಿಮಿಷ ಅಲ್ಲಿರುವವರು ಅಗ್ನಿಶಾಮಕ ದಳದವರಲ್ಲ. ಗೇಟಿನ ಸೆಕ್ಯೂರಿಟಿ ಗಾರ್ಡ್, ರಾತ್ರಿ ಪಾಳಿಯ ಸಹಾಯಕ, ಮಹಡಿ ಒರೆಸುವ ಹೆಂಗಸು. ಅವರಲ್ಲಿ ಅನೇಕರು ಗುತ್ತಿಗೆದಾರನ ಪಟ್ಟಿಯಲ್ಲಿದ್ದಾರೆಯೇ ಹೊರತು ಕಂಪನಿಯ ಪಟ್ಟಿಯಲ್ಲಿಲ್ಲ. ಕಾಯಂ ನೌಕರರಿಗೆ ಫೈರ್ ಡ್ರಿಲ್ ನಡೆಯುವಾಗ ಇವರು ಮೆಟ್ಟಿಲ ಬಳಿ ದಾರಿ ಬಿಟ್ಟು ನಿಂತಿರುವುದುಂಟು. ಸೂಚನಾಫಲಕ ಇವರಿಗೆ ಬಾರದ ಭಾಷೆಯಲ್ಲಿರುವುದೂ ಉಂಟು. ಆದರೆ ಅಪಾಯದ ಗಳಿಗೆಯಲ್ಲಿ, ಸಿಲಿಂಡರ್ ತೆಗೆದುಕೊಂಡು ಓಡು ಎಂದು ನಾವು ಕೂಗುವುದು ಇವರನ್ನೇ. ಕಲಿಸದೆ ಕೇಳುವ ಧೈರ್ಯ ಅನ್ಯಾಯದ ಕೇಳಿಕೆ.

1948ರ ಕಾರ್ಖಾನೆಗಳ ಕಾಯಿದೆಯ 38ನೇ ಕಲಮು ಬೆಂಕಿಯ ಮುನ್ನೆಚ್ಚರಿಕೆಯನ್ನು ಹೇಳುವಾಗ, ಕಾರ್ಮಿಕರಿಗೆ ಪಾರಾಗುವ ದಾರಿಯ ಪರಿಚಯ ಮತ್ತು ಆಗ ನಡೆದುಕೊಳ್ಳುವ ಕ್ರಮದ ತರಬೇತಿ ಇರಬೇಕೆಂದು ವಿಧಿಸಿತ್ತು. 2025ರ ನವೆಂಬರಿನಿಂದ ಆ ಕಾಯಿದೆಯ ಸ್ಥಾನಕ್ಕೆ ಹೊಸ ಸಂಹಿತೆ ಬಂದಿದೆ. ಕಾನೂನಿನ ಹೆಸರು ಬದಲಾದರೂ ಮನಸ್ಸಾಕ್ಷಿಯ ಬೇಡಿಕೆ ಬದಲಾಗುವುದಿಲ್ಲ. ಎರಡನೆಯ ಜಗದ್ಗುರು ಜಾನ್ ಪಾಲರು 1981ರಲ್ಲಿ ಹೊರಡಿಸಿದ ‘ಲಬೋರೆಮ್ ಎಕ್ಸರ್ಸೆನ್ಸ್’ ಎಂಬ ವಿಶ್ವಪತ್ರದಲ್ಲಿ ಪರೋಕ್ಷ ಮಾಲೀಕ ಎಂಬ ವಿಚಾರವನ್ನು ಮುಂದಿಟ್ಟರು. ಕೂಲಿ ಕೊಡುವವನಷ್ಟೇ ಹೊಣೆಗಾರನಲ್ಲ. ಆ ಕೂಲಿಯ ಷರತ್ತುಗಳನ್ನು ರೂಪಿಸುವ ಎಲ್ಲರೂ ಹೊಣೆಗಾರರು. ಕಡಿಮೆ ದರದ ಗುತ್ತಿಗೆಯನ್ನು ಆರಿಸುವ ವ್ಯವಸ್ಥಾಪಕ, ಬಾಡಿಗೆಯನ್ನಷ್ಟೇ ಎಣಿಸುವ ಕಟ್ಟಡದ ಒಡೆಯ, ಪರಿಶೀಲಿಸದೆ ಸಹಿ ಹಾಕುವ ಅಧಿಕಾರಿ, ಕಳ್ಳತನದ ಭಯಕ್ಕೆ ತುರ್ತು ಬಾಗಿಲಿಗೆ ಬೀಗ ಹಾಕಿಸುವ ಮೇಲ್ವಿಚಾರಕ ಇವರೆಲ್ಲರೂ ಈ ಲೆಕ್ಕದಲ್ಲಿ ಸೇರುತ್ತಾರೆ. ಅವರಲ್ಲಿ ಕೆಲವರು ಭಾನುವಾರ ನಮ್ಮ ಪಕ್ಕದಲ್ಲೇ ಮೊಣಕಾಲೂರುತ್ತಾರೆ.

ಹತ್ತು ಮಂದಿ ಕನ್ಯೆಯರ ಸಾಮತಿಯಲ್ಲಿ ವಿವೇಕಿಗಳು ತಮ್ಮ ಎಣ್ಣೆಯನ್ನು ಹಂಚಿಕೊಳ್ಳಲಿಲ್ಲವೇಕೆ ಎಂದು ಅನೇಕರು ಕೇಳುತ್ತಾರೆ. ಅವರು ಸ್ವಾರ್ಥಿಗಳಂತೆ ಕಾಣುವುದೂ ನಿಜ. ಆದರೆ ಕೆಲವು ವಸ್ತುಗಳನ್ನು ನಡುರಾತ್ರಿಯಲ್ಲಿ ಸಾಲ ಕೊಡಲು ಬರುವುದಿಲ್ಲ. ಹೊಗೆ ತುಂಬಿದ ಮೆಟ್ಟಿಲಲ್ಲಿ ಬಲ್ಲವನು ಬಾರದವನಿಗೆ ತನ್ನ ಅಭ್ಯಾಸವನ್ನು ಎರವಲು ಕೊಡಲಾರ. ಹಂಚುವ ಕಾಲ ಹಗಲಿನಲ್ಲಿತ್ತು. ಆಗ ಹಂಚದಿದ್ದರೆ ಅದು ನಮ್ಮೆಲ್ಲರ ತಪ್ಪು.

ನಮ್ಮ ಧರ್ಮಕೇಂದ್ರಗಳಿಗೂ ಇದರಲ್ಲಿ ಪಾಲಿದೆ. ಪಾಸ್ಖ ಜಾಗರಣೆಯ ರಾತ್ರಿ ಹೊಸ ಬೆಂಕಿಯನ್ನು ಆಶೀರ್ವದಿಸಿ, ದೀಪ ಆರಿಸಿದ ದೇವಾಲಯದಲ್ಲಿ ನೂರಾರು ಜನ, ಮಕ್ಕಳೂ ಸಹ, ಉರಿಯುವ ಮೇಣದಬತ್ತಿ ಹಿಡಿದು ಒತ್ತೊತ್ತಾಗಿ ನಿಲ್ಲುತ್ತೇವೆ. ಆ ಹೊತ್ತಿನಲ್ಲಿ ಪಕ್ಕದ ಬಾಗಿಲುಗಳ ಬೀಗ ತೆಗೆದಿದೆಯೇ? ಬೀಗದಕೈ ಯಾರ ಬಳಿ ಇದೆ? ಸಿಲಿಂಡರ್ ಬಳಸಲು ಬಲ್ಲ ನಾಲ್ಕು ಯುವಕರು ಇದ್ದಾರೆಯೇ? ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ಹತ್ತಿರದ ಠಾಣೆಯವರನ್ನು ಕರೆದರೆ ಒಂದು ಭಾನುವಾರದ ಪೂಜೆಯ ನಂತರ ಇದನ್ನು ಕಲಿಯಬಹುದು. ಅಂದು ಮುಂದಿನ ಸಾಲಿನಲ್ಲಿ ಕೂರಬೇಕಾದವರು, ಕಾರ್ಖಾನೆಯ ಡ್ರಿಲ್ಲಿಗೆ ಯಾರೂ ಕರೆಯದ ನಮ್ಮ ಗಾರ್ಡುಗಳು ಮತ್ತು ಮನೆಗೆಲಸ, ಕಚೇರಿಗೆಲಸದ ಹೆಣ್ಣುಮಕ್ಕಳು.

ಧೈರ್ಯಕ್ಕೂ ತರಬೇತಿ ಬೇಕೇ ಎಂದು ಕೇಳಿದೆವು. ಬೇಕು, ಪ್ರೀತಿಗೆ ಬೇಕಾಗಿರುವ ಕಾರಣದಿಂದಲೇ ಧೈರ್ಯಕ್ಕೂ ಬೇಕು. ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆ ಅವನ ಮನೆ ಹೊತ್ತಿ ಉರಿಯುವ ದಿನದಿಂದ ಜಾರಿಗೆ ಬರುವುದಲ್ಲ. ಬೀಗ ತೆರೆದಿಟ್ಟ ಬಾಗಿಲಲ್ಲಿ, ಅವನ ಭಾಷೆಯಲ್ಲಿ ಬರೆದ ಫಲಕದಲ್ಲಿ, ಅವನ ಕೈಗೆ ಕಲಿಸಿಕೊಟ್ಟ ಅಭ್ಯಾಸದಲ್ಲಿ ಅದು ಇಂದೇ ನೆರವೇರಬೇಕಾಗಿದೆ.