ಬೆಳಗಾಗಲಿ ಎನ್ನುವ ಮುನ್ನ

‘ಬೆಳಗಾಗಲಿ, ನೋಡೋಣ.’ ನಡುರಾತ್ರಿ ಯಾರಾದರೂ ನೋವೆಂದಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತಿದು. ಅನೇಕ ಸಲ ಅದು ವಿವೇಕದ ಮಾತೇ. ಕೆಲವು ಸಲ ಮಾತ್ರ ಅದು ಜೀವ ತೆಗೆಯುತ್ತದೆ. ಇವೆರಡನ್ನೂ ಬೇರ್ಪಡಿಸುವುದು ಹೇಗೆ?

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಿಂದ ಕಲಬುರಗಿ ನಗರಕ್ಕೆ ಸುಮಾರು 35 ಕಿಲೋಮೀಟರ್. ಹಗಲಿನಲ್ಲಿ ಅದು ಒಂದು ಬಸ್ ಟಿಕೆಟ್ಟಿನ ದೂರ. ರಾತ್ರಿ ಎರಡು ಗಂಟೆಗೆ ಬಾಡಿಗೆ ಗಾಡಿ, ತಪ್ಪಿಹೋಗುವ ನಾಳಿನ ಕೂಲಿ, ಮನೆಯಲ್ಲಿ ಉಳಿಯುವ ಮಕ್ಕಳು, ಆಸ್ಪತ್ರೆಯ ಬಿಲ್ಲು ಎಲ್ಲವೂ ಸೇರಿ ಅದೇ ದೂರ ಬೆಳೆಯುತ್ತದೆ. ನಗರದವನು ‘ಹೋಗಬೇಕೆ?’ ಎಂದು ಕೇಳಿದರೆ ಹಳ್ಳಿಯವನು ‘ಹೋಗಲು ಸಾಧ್ಯವೆ?’ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಕೆಲವು ವಿಷಯಗಳಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಎದೆ ಹಿಂಡುವ ನೋವು ಮತ್ತು ತಣ್ಣನೆಯ ಬೆವರು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಉಸಿರಿಗೆ ಕಷ್ಟ, ಹಾವಿನ ಕಡಿತ, ಗರ್ಭಿಣಿಯ ರಕ್ತಸ್ರಾವ, ಹಾಲು ಕುಡಿಯದೆ ಮಂಕಾದ ಕೂಸು – ಇವು ಬೆಳಗನ್ನು ಕಾಯುವುದಿಲ್ಲ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಅವಧಿ ಮಾತ್ರ. ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತವು ಹೆಚ್ಚು ನೋವಿಲ್ಲದೆಯೂ ಬರಬಹುದು. ಮನೆಯವರು ಅದನ್ನು ಗ್ಯಾಸ್ ಎಂದುಕೊಳ್ಳುತ್ತಾರೆ. ಇತ್ತ ನೆಗಡಿ, ಹಳೆಯ ಮೊಣಕಾಲು ನೋವು, ನೀರು ಕುಡಿದು ಆಡಿಕೊಂಡಿರುವ ದೊಡ್ಡ ಮಗುವಿನ ಜ್ವರ ಕಾಯಬಲ್ಲವು. ಅವುಗಳಿಗೂ ಓಡಿದರೆ ರಾತ್ರಿ ಪಾಳಿಯ ವೈದ್ಯರ ಸಮಯ ಮತ್ತೊಬ್ಬ ರೋಗಿಗೆ ಕಡಿಮೆಯಾಗುತ್ತದೆ.

ಇವೆರಡರ ನಡುವಿನ ಸಂದೇಹದಲ್ಲೇ ನೈತಿಕ ಪ್ರಶ್ನೆ ಇದೆ. ಅನಗತ್ಯವಾಗಿ ಹೋದರೆ ಒಂದು ರಾತ್ರಿ, ಒಂದಿಷ್ಟು ಹಣ ಹೋಗುತ್ತದೆ. ಅಗತ್ಯವಿದ್ದಾಗ ಹೋಗದಿದ್ದರೆ ಹೋದದ್ದು ಮರಳದು. ಈ ಎರಡು ತಪ್ಪುಗಳ ತೂಕ ಸಮನಲ್ಲ. ಆದರೂ ತಕ್ಕಡಿ ಹಿಡಿಯುವವರು ಯಾರು? ಮಗನಿಗೆ ತೊಂದರೆಯಾದೀತೆಂದು ತಾಯಿ ನೋವು ನುಂಗುತ್ತಾಳೆ. ಗಂಡ ಊರಲ್ಲಿಲ್ಲವೆಂದು ಸೊಸೆ ಸುಮ್ಮನಿರುತ್ತಾಳೆ. ಇದೇ ನೋವು ದುಡಿಯುವ ಮಗನಿಗೆ ಬಂದಿದ್ದರೆ ನಾವು ಬೆಳಗಿನವರೆಗೆ ಕಾಯುತ್ತಿದ್ದೆವೆ? ಈ ಪ್ರಶ್ನೆಗೆ ‘ಇಲ್ಲ’ ಎಂಬುದೇ ಉತ್ತರವಾದರೆ ತಾಯಿಗಾಗಿಯೂ ಈಗಲೇ ಹೊರಡಬೇಕು. ‘ದೇವರಿದ್ದಾನೆ’ ಎನ್ನುವುದು ನಿಜ. ಆದರೆ ಕೈಲಾದ ಪ್ರಯತ್ನ ಮಾಡಿದ ಬಳಿಕದ ಭರವಸೆಯೇ ತವಕ್ಕುಲ್. ಅದು ಉದಾಸೀನಕ್ಕೆ ಇನ್ನೊಂದು ಹೆಸರಲ್ಲ.

ಕಾನೂನು ತನ್ನ ಪಾಲಿನದನ್ನು ಹೇಳಿದೆ. ತುರ್ತು ಸ್ಥಿತಿಯಲ್ಲಿ ಜೀವ ಉಳಿಸುವುದು ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ತೀರ್ಪಿತ್ತಿತು. 108 ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ 2008ರಲ್ಲಿ ಆರಂಭವಾಯಿತು. ಉಳಿದದ್ದು ಓಣಿಯವರ ಪಾಲು. ಆಂಬುಲೆನ್ಸ್ ತಡವಾದರೆ ಯಾರ ಗಾಡಿ, ಉಳಿದ ಮಕ್ಕಳು ಯಾರ ಮನೆಯಲ್ಲಿ, ಕೈಯಲ್ಲಿ ಹಣವಿಲ್ಲದವನಿಗೆ ಯಾರ ನೆರವು ಎಂಬುದು ಹಗಲಿನಲ್ಲೇ ನಿಶ್ಚಯವಾಗಿರಬೇಕು.

ಇನ್ನೊಂದು ಮಾತು. ರಾತ್ರಿಯೆಲ್ಲ ಅಲೆದು ‘ಏನೂ ಇಲ್ಲವಂತೆ’ ಎಂದು ಮರಳಿದವರನ್ನು ನೋಡಿ ನಗಬಾರದು. ಆ ನಗುವಿಗೆ ಅಂಜಿ ಮುಂದಿನ ಸಲ ಅವರು ಬೆಳಗಾಗಲೆಂದು ಕಾದಾರು.