ಬೀಗವೂ ಕಾರಣವೂ

ಅಮೇರಿಕೆಯ 1996ರ ಶಾಸನದ ಮೇರೆಗೆ, 2000ದ ಜನವರಿಯಿಂದ 13 ಅಂಗುಲ ಹಾಗೂ ಅದಕ್ಕೆ ಮೇಲ್ಪಟ್ಟ ತೆರೆಯುಳ್ಳ ದೂರದರ್ಶನ ಯಂತ್ರಗಳಿಗೆಲ್ಲ 'ವಿ-ಚಿಪ್' ಎಂಬ ತಡೆ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2021ರ ನಿಯಮಗಳು ಅಂತರ್ಜಾಲದ ಮೂಲಕ ಚಿತ್ರ ತೋರಿಸುವವರಿಗೆ, 13 ವರ್ಷ ಮೇಲ್ಪಟ್ಟವರ ದರ್ಜೆಯಿಂದ ಮುಂದಕ್ಕೆ, ಇಂಥದೇ ಬೀಗವನ್ನು ವಿಧಿಸಿವೆ. ಇವು ವಯಸ್ಸನ್ನು ಎಣಿಸಬಲ್ಲವೇ ಹೊರತು ಎದುರಿಗೆ ಕುಳಿತ ಮಗುವನ್ನು ಅರಿಯಲಾರವು. ಹನ್ನೆರಡರ ಹುಡುಗಿಯೊಬ್ಬಳು ಯುದ್ಧದ ಚಿತ್ರವೊಂದನ್ನು ನೋಡಬಯಸಿದರೆ ಯಂತ್ರ ಗುಪ್ತಸಂಖ್ಯೆಯನ್ನು ಕೇಳಿ ಸುಮ್ಮನಾಗುತ್ತದೆ. ಏಕೆ ಬೇಡವೆಂದು ಹೇಳಬೇಕಾದ ತಂದೆಯೋ, ಆ ಸಂಖ್ಯೆಯನ್ನು ಗುಟ್ಟಾಗಿರಿಸಿ ನಿಶ್ಚಿಂತನಾಗಿರುತ್ತಾನೆ. (ಅದು ಅವನ ಜನ್ಮವರ್ಷವಾಗಿದ್ದರೆ ಗುಟ್ಟು ಬಹುಕಾಲ ಉಳಿಯದು!) ಹೀಗೆ ತನ್ನ ಹೊಣೆಯನ್ನು ಯಂತ್ರಕ್ಕೆ ಒಪ್ಪಿಸಿಬಿಡುವುದು ನ್ಯಾಯವೆ? ಕಾರಣ ತಿಳಿಯದ ನಿಷೇಧವನ್ನು ಮಗು ಹಾರಬೇಕಾದ ಬೇಲಿಯೆಂದೇ ಭಾವಿಸೀತು. ಬೀಗವನ್ನು ಸುಧಾರಿಸುವವರು ಅದನ್ನು ಇನ್ನಷ್ಟು ಬಿಗಿಮಾಡುವ ಬದಲು, ಮಗುವಿನ ಬೇಡಿಕೆ ಹಿರಿಯರನ್ನು ಮುಟ್ಟುವಂತೆಯೂ, ಅವರು 'ಬೇಡ'ವೆಂದಾಗ ಒಂದು ಸಾಲಿನ ಕಾರಣವನ್ನು ಬರೆಯದೆ ಇರಲಾಗದಂತೆಯೂ ರಚಿಸಲಿ.